ಮಾವನ ಪಿಸ್ತೂಲಿನ ಪಿನ್ನು

ಮಾವನ ಪಿಸ್ತೂಲು ಕೆಟ್ಟಿದೆ ಎಂದು ಮನೆಯಲ್ಲಿ ಮೊದಲು ತಿಳಿದದ್ದು ನನಗೆ. ಅದೂ ಒಂದು ಮಂಗದ ದೆಸೆಯಿಂದ.

ಸಾಗರದ ಪೇಟೆಯೊಳಗೇ ನಮ್ಮ ಮನೆ. ಹಿತ್ತಲಿಗೆ ತಂತಿಬೇಲಿ, ಬೇಲಿಯ ಅಂಚಿಗೆ ಒಂದು ಪೇರಲೆ ಮರ, ಅದರಾಚೆ ಪಕ್ಕದ ಮನೆಯವರು ಬಟ್ಟೆ ಒಣಗಿಸುವ ಹಗ್ಗ. ಆ ಮಧ್ಯಾಹ್ನ ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಪೇರಲೆ ಮರಕ್ಕೆ ಮಂಗ ಬಂತು. ಹಿಂದೆಯೇ ಮಾವ ಬಂದರು. ಬನಿಯನ್ನಿನ ಮೇಲೆ ಟವೆಲ್ಲು, ಕೈಯಲ್ಲಿ ಪಿಸ್ತೂಲು. ನಾನು ಮಡಿಲಿನ ಬೀಜ ಚೆಲ್ಲಿಕೊಂಡು ಏಳುವಷ್ಟರಲ್ಲಿ ಗುರಿ ಹಿಡಿದು ಒತ್ತಿಯೇಬಿಟ್ಟರು.

ಟಕ್ ಎಂದಿತು. ಅಷ್ಟೇ. ಬಾಲ್‌ಪೆನ್ನಿನ ತಲೆ ಒತ್ತಿದಷ್ಟು ಸದ್ದು. ಮಂಗ ಪೇರಲೆಕಾಯಿಯನ್ನು ಅರ್ಧ ತಿಂದು ಎಸೆಯಿತು.

ಮರದ ನೇರ ಹಿಂದೆ ಹಗ್ಗದ ಮೇಲೆ ಹಸಿರು ಸೀರೆಯೊಂದರಿಂದ ನೀರು ತೊಟ್ಟಿಕ್ಕುತ್ತಿತ್ತು. ಸೀರೆಯ ಅಂಚಿನ ಕೆಳಗೆ ಎರಡು ಪಾದಗಳು ಕಾಣುತ್ತಿದ್ದವು. ಕಾಲುಂಗುರವಿತ್ತು. ಎಡಗಾಲಿನ ಹಿಮ್ಮಡಿಗೆ ಬಿಳಿ ಮುಲಾಮು ಹಚ್ಚಿತ್ತು. ಪಕ್ಕದ ಮನೆಯಾಕೆ ಬಟ್ಟೆ ಕೊಡವುತ್ತ ಏನೋ ಗುನುಗುತ್ತಿದ್ದಳು. ಮಾವನಿಗೆ ಕಂಡದ್ದು ಮಂಗ ಮಾತ್ರ.

"ಥೂ, ಪಿನ್ನು ಹೋಗ್ಯದೆ" ಎಂದು ಗೊಣಗಿ ಅವರು ಒಳಗೆ ಹೋದರು. ನಾನು ಮೆಟ್ಟಿಲ ಮೇಲೆ ಬಿದ್ದ ಹುಣಸೆಬೀಜಗಳನ್ನು ಒಂದೊಂದಾಗಿ ಆರಿಸುತ್ತ ಬಹಳ ಹೊತ್ತು ಕೂತಿದ್ದೆ.

ಮಾವ ಹಿಂದೆ ಹೊಸನಗರದ ಹತ್ತಿರ ರೈಸ್ ಮಿಲ್ಲು ನಡೆಸುತ್ತಿದ್ದವರು. ನಗದು ಕಟ್ಟಿಕೊಂಡು ಕಾಡುದಾರಿಯಲ್ಲಿ ಓಡಾಡಬೇಕಾಗಿದ್ದ ಕಾಲದಲ್ಲಿ ಲೈಸೆನ್ಸು ಮಾಡಿಸಿ ಆ ಪಿಸ್ತೂಲು ಕೊಂಡಿದ್ದರು. ತೀರ್ಥಹಳ್ಳಿಯ ಅವರ ಸ್ನೇಹಿತರೊಬ್ಬರೂ ಜೊತೆಯಲ್ಲೇ ಹೋಗಿ ಅಂಥದ್ದೇ ಇನ್ನೊಂದನ್ನು ಕೊಂಡಿದ್ದರಂತೆ. ಆಮೇಲೆ ಮಿಲ್ಲು ಮುಚ್ಚಿತು, ಯಂತ್ರಗಳು ಗುಜರಿಗೆ ಹೋದವು, ಅತ್ತೆ ಹೋದರು. ಪಿಸ್ತೂಲು ಉಳಿಯಿತು. ಅದನ್ನು ಯಾರ ಮೇಲೂ ಎತ್ತಿದ್ದಿಲ್ಲ. ಆಯುಧಪೂಜೆಯ ದಿನ ಗಂಧ, ಕುಂಕುಮ ಹಚ್ಚಿಸಿಕೊಂಡು ನನ್ನ ಮಿಕ್ಸಿಯ ಪಕ್ಕದಲ್ಲಿ ಕೂರುತ್ತಿತ್ತು. ಮಾರನೆಯ ದಿನ ಒರೆಸಿಕೊಂಡು ಕಪಾಟು ಸೇರುತ್ತಿತ್ತು.

ಈಗೀಗ ಮಾವನಿಗೆ ಮರೆವು. ತಿಂಡಿ ತಿಂದದ್ದು ಮರೆಯುತ್ತಾರೆ. ಕೆಲವು ಸಂಜೆ ನನ್ನನ್ನೇ ಮರೆತು, ಯಾರೋ ನೋಡಿಕೊಳ್ಳಲು ಬಂದವಳೆಂದು ತಿಳಿದು, "ನಿಮ್ದು ಯಾವ ಊರಾಯ್ತಮ್ಮ?" ಎಂದು ಮರ್ಯಾದೆಯಿಂದ ಕೇಳುತ್ತಾರೆ. ಆದರೆ ಪಿನ್ನು ಹೋಗಿರುವುದನ್ನು ಮಾತ್ರ ಮರೆಯಲಿಲ್ಲ.

"ಅಮ್ಮಿ, ಪಿನ್ನಿಗೆ ಹೇಳಿದ್ಯಾ?"

"ಹೇಳಿದೀನಿ ಮಾವ."

"ಯಾರಿಗೆ?"

"ನಿಮ್ಮ ಮಗನಿಗೆ."

"ಅವ್ನಿಗಾ? ಹಂಗಾರೆ ಆಯ್ತು ಬಿಡು. ಸೈಕಲ್ ಚೈನ್ ಹಾಕಕ್ಕೂ ಪುಸ್ತಕ ತೆಗ್ದು ನೋಡವ ಅವ್ನು."

ಸಾರಿಗೆ ಒಗ್ಗರಣೆ ಹಾಕುವಾಗ, ನೆಲ ಒರೆಸುವಾಗ, ಸ್ನಾನಕ್ಕೆ ನೀರು ಹದ ಮಾಡುವಾಗ, ದಿನವಿಡೀ ಇದೇ ಪ್ರಶ್ನೆ. ಉತ್ತರವನ್ನು ಹೊಸದಾಗಿ ಹೇಳಿದಂತೆ ಹೇಳಬೇಕು. ಸ್ವರದಲ್ಲಿ ಬೇಸರ ಇಣುಕಿದರೆ ಅವರಿಗೆ ಗೊತ್ತಾಗುತ್ತದೆ. ಬುದ್ಧಿ ಮಂಕಾದ ಮೇಲೆ ಮನುಷ್ಯರಿಗೆ ಸ್ವರ ಇನ್ನೂ ಚೆನ್ನಾಗಿ ಕೇಳುತ್ತದೇನೋ.

ನನ್ನ ಗಂಡ ಇಲ್ಲಿಯ ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಸೀರೆಯ ಕೆಳಗಿನ ಪಾದಗಳ ವಿಷಯ ಹೇಳಿದಾಗ ತಟ್ಟೆಯಿಂದ ಕೈ ತೆಗೆದು, "ಕೆಟ್ಟಿದ್ದೇ ಒಳ್ಳೇದಾಯ್ತು ಕಣೇ" ಎಂದರು. ನನಗೂ ಹಾಗೇ ಅನ್ನಿಸಿತ್ತು. ಮಾವನ ಸಮಾಧಾನಕ್ಕೆಂದು ಪಿಸ್ತೂಲನ್ನು ಶಿವಮೊಗ್ಗದ ಕೋವಿ ಅಂಗಡಿಗೆ ಒಯ್ದು ತೋರಿಸಿಕೊಂಡು ಬಂದರು. ಬಂದವರ ಮುಖ ಬೇರೆಯೇ ಆಗಿತ್ತು.

ಆ ಮಾದರಿಯ ಪಿಸ್ತೂಲು ತಯಾರಿಸುವುದನ್ನು ಕಂಪನಿ ಎಂದೋ ನಿಲ್ಲಿಸಿದೆಯಂತೆ. ಗುಂಡಿನ ಹಿಂಬದಿಗೆ ಹೊಡೆಯುವ ಸಣ್ಣ ಕಡ್ಡಿಯೇ ಪಿನ್ನು. ಅದರ ಮೂತಿ ಸವೆದಿದೆ, ಹೊಸದು ಸಿಗುವುದಿಲ್ಲ, ಅಂಥದ್ದೇ ಇನ್ನೊಂದು ಪಿಸ್ತೂಲು ಇದ್ದವರು ತಮ್ಮದನ್ನು ಬಿಚ್ಚಿಸಲು ಒಪ್ಪಿದರೆ ಮಾತ್ರ ಉಂಟು ಎಂದರಂತೆ. ಅಲ್ಲಿಯವರೆಗೂ ನನಗೆ ಸಂತೋಷವೇ. ಆದರೆ ಅಂಗಡಿಯವರು ಇನ್ನೊಂದು ಮಾತನ್ನೂ ಸೇರಿಸಿದ್ದರು. "ಹಾರಲ್ಲ ಅಂತ ಮಾತ್ರ ನಂಬಿ ಕೂರಬೇಡಿ ಸಾರ್. ಸವೆದಿರೋದು ಅಷ್ಟೇ, ಮುರಿದಿಲ್ಲ. ಹತ್ತು ಸಲ ಸುಮ್ನಿದ್ದು ಹನ್ನೊಂದನೇ ಸಲ ಹಾರಿದ್ರೂ ಹಾರಿತು. ಕೆಟ್ಟ ಪಿಸ್ತೂಲನ್ನ ಕೆಟ್ಟಿದೆ ಅಂತಲೂ ನಂಬೋ ಹಾಗಿಲ್ಲ."

ಆವತ್ತಿನಿಂದ ನನಗೆ ಮಧ್ಯಾಹ್ನದ ನಿದ್ದೆ ಹೋಯಿತು.

ಗುಂಡುಗಳ ಡಬ್ಬಿಯನ್ನು ಗಂಡ ಕಾಲೇಜಿನ ತಮ್ಮ ಬೀರುವಿನಲ್ಲಿ ಬೀಗ ಹಾಕಿ ಇಟ್ಟರು. ಆದರೆ ಮಾವ ಬಿಡಿ ಗುಂಡುಗಳನ್ನು ಎಲ್ಲೆಲ್ಲೋ ಇಟ್ಟುಕೊಂಡಿದ್ದರು. ಒಂದು ಅವರ ಹಳೆಯ ಕೋಟಿನ ಒಳಜೇಬಿನಲ್ಲಿ ಸಿಕ್ಕಿತು, ಒಂದು ನನ್ನ ಹೊಲಿಗೆಯ ಡಬ್ಬದಲ್ಲಿ ನೂಲಿನ ಉಂಡೆಗಳ ನಡುವೆ, ಇನ್ನೊಂದು ದೇವರ ಮನೆಯ ಕರ್ಪೂರದ ಭರಣಿಯಲ್ಲಿ. ಇನ್ನೂ ಎಷ್ಟಿವೆ ಎಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅಕ್ಕಿ ಆರಿಸುವಾಗಲೂ ನನ್ನ ಬೆರಳು ಅದನ್ನೇ ಹುಡುಕುತ್ತಿತ್ತು.

ಪಿಸ್ತೂಲನ್ನೇ ಎತ್ತಿಡಬಾರದಿತ್ತೇ ಎನ್ನಬಹುದು. ಎತ್ತಿಟ್ಟೆವು. ಮಾವ ಮನೆಯೆಲ್ಲ ಹುಡುಕಿದರು, ಹಾಸಿಗೆ ಮಗುಚಿದರು, ಕೆಲಸದವಳನ್ನು ಕಳ್ಳಿ ಎಂದು ಅಳಿಸಿದರು. ಸ್ಟೇಷನ್ನಿಗೆ ಕಂಪ್ಲೇಂಟು ಕೊಡಲು ಚಪ್ಪಲಿ ಮೆಟ್ಟದೆ ಹೊರಟು ಗೇಟಿನ ಹತ್ತಿರ ಬಿದ್ದು ಹಣೆ ಒಡೆದುಕೊಂಡರು. ಆಸ್ಪತ್ರೆಯಿಂದ ಬಂದ ಮೇಲೆ ಎರಡು ದಿನ ಅನ್ನ ಮುಟ್ಟಲಿಲ್ಲ. ಗಂಡ ಕಣ್ಣೊರೆಸಿಕೊಂಡು ಪಿಸ್ತೂಲನ್ನು ತಂದು ಅವರ ದಿಂಬಿನ ಪಕ್ಕದಲ್ಲಿಟ್ಟರು. ಮಾವ ಅದನ್ನು ಕೈಗೆತ್ತಿಕೊಂಡು ಮೊದಲು ಕೇಳಿದ್ದು, "ಪಿನ್ನು ಹಾಕ್ಸಿದ್ರಾ?"

ಆಗ ಗಂಡ ಒಂದು ತೀರ್ಮಾನಕ್ಕೆ ಬಂದರು. "ಕೆಟ್ಟಿರೋದ್ರಿಂದಲೇ ಅಪ್ಪಯ್ಯಂಗೆ ಅದರ ನೆನಪು. ಹಲ್ಲು ನೋಯುವಾಗ ನಾಲಿಗೆ ಅಲ್ಲೇ ಹೋಗ್ತದಲ್ಲ, ಹಂಗೆ. ಒಂದ್ಸಲ ಸರಿ ಮಾಡಿಸಿಕೊಟ್ರೆ ಮರೆತುಬಿಡ್ತಾರೆ. ಆಮೇಲೆ ಗುಂಡು ಸಿಗದ ಹಾಗೆ ನೋಡಿಕೊಂಡ್ರಾಯ್ತು."

"ನೋಡಿಕೊಳ್ಳುವವಳು ನಾನು" ಎಂದೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಸ್ವರ ಎತ್ತಬಾರದು, ಕುರ್ಚಿ ಎಳೆಯುವಾಗ ಸದ್ದಾಗಬಾರದು, ಬೇಡ ಎನ್ನುವಾಗಲೂ ಮೊದಲು 'ಥ್ಯಾಂಕ್ಯೂ' ಎನ್ನಬೇಕು ಎಂದು ಸಿಸ್ಟರುಗಳು ಕಲಿಸಿದ್ದರು. ಹಾಗೆ ಕಲಿತ 'ಬೇಡ' ನಮ್ಮ ಮನೆಯಲ್ಲಿ ಫ್ಯಾನಿನ ಸದ್ದನ್ನೂ ದಾಟುವುದಿಲ್ಲ. ಮುಂದಿನ ಭಾನುವಾರ ಮೂವರೂ ಕಾರಿನಲ್ಲಿ ಹೊರಟೆವು. ತೀರ್ಥಹಳ್ಳಿಯ ಸ್ನೇಹಿತರನ್ನು ಕಂಡು, ಅವರ ಪಿಸ್ತೂಲಿನ ಪಿನ್ನು ಕೇಳುವುದು ಎಂದಾಗಿತ್ತು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು. ಪಿಸ್ತೂಲು ಖಾಲಿಯಾಗಿದೆಯೇ ಎಂದು ಗಂಡ ಮೂರು ಬಾರಿ ನೋಡಿದರು. ಮಾವನ ಎಲ್ಲ ಜೇಬುಗಳನ್ನು ನಾನು, ಅಂಗಿ ಸರಿಪಡಿಸುವವಳಂತೆ, ತಡವಿ ನೋಡಿದೆ. ಒಂದು ಲವಂಗ ಸಿಕ್ಕಿತು.

ಬಟ್ಟೆಮಲ್ಲಪ್ಪ ಎಂಬ ಊರು ದಾಟುವವರೆಗೂ ಮಾವ ಗೆಲುವಾಗಿದ್ದರು. "ನಮ್ ಪಿಸ್ತೂಲು ತಂದ ದಿನ ಆ ಮಾರಾಯ ಹೋಟ್ಲಲ್ಲಿ ಅದನ್ನ ಟೇಬಲ್ ಮೇಲಿಟ್ಟು ದೋಸೆ ತರ್ಸ್ಕಂಡ. ಸಪ್ಲಾಯರು ದೋಸೆ ಜೊತಿಗೆ ಬೆಣ್ಣೆ ಜಾಸ್ತಿ ಹಾಕ್ಕಂಡ್ ಬಂದ ನೋಡು!" ಎಂದು ನಕ್ಕರು. ಬಿಸಿಲು ಏರುತ್ತಿತ್ತು. ರಸ್ತೆಯ ಪಕ್ಕದ ಹಲಸಿನ ಮರಗಳಲ್ಲಿ ಎಳೆ ಗುಜ್ಜೆ ಬಿಟ್ಟಿತ್ತು.

ಹೊಸನಗರದಲ್ಲಿ ಕೋವಿ ರಿಪೇರಿ ಮಾಡುವವರೊಬ್ಬರಿದ್ದಾರೆ ಎಂದು ಯಾರೋ ಹೇಳಿದ್ದರು. ಅವರು ಕನ್ನಡಕ ಏರಿಸಿ ಪಿಸ್ತೂಲನ್ನು ಮುಟ್ಟದೆಯೇ ನೋಡಿ, ತಲೆಯಾಡಿಸಿದರು. "ನಾಡಕೋವಿ ಆಗಿದ್ರೆ ಎಂತಾರೂ ಮಾಡ್ಬಹುದಿತ್ತು. ಇದನ್ನ ಮುಟ್ಟಿ, ಅದು ಕೈಯಲ್ಲೇ ಸಿಡಿದ್ರೆ ಯಾರ್ ಹೊಣೆ?" ಎಂದರು. ನನಗೆ ಅವರ ಮೇಲೆ ಅಕ್ಕರೆ ಹುಟ್ಟಿತು. ಮಾವ ಮಾತ್ರ ಕಾರು ಹತ್ತುವಾಗ, "ಇವ್ನಿಗೆ ಕೈ ನಡುಕ ಬಂದದೆ, ಅದ್ಕೇ ಬ್ಯಾಡ ಅಂದ" ಎಂದರು.

ತೀರ್ಥಹಳ್ಳಿ ತಲುಪುವಾಗ ಊಟದ ಹೊತ್ತಾಗಿತ್ತು. ಸ್ನೇಹಿತರು ಜಗಲಿಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ಮಡಿಲಲ್ಲಿ ಎಲೆಯಡಿಕೆಯ ಚೀಲ. ಮಾವ ಎರಡೂ ಕೈ ಚಾಚಿ ಹೋದರು. ಅವರು ಇವರ ಮುಖವನ್ನೇ ನೋಡಿ, "ನೀವು ಕೋರ್ಟಿಂದ ಬಂದವ್ರಾ?" ಎಂದರು.

"ಕೋರ್ಟಾ? ನಾನು ಮಾರಾಯ! ಮಿಲ್ಲಿನವ!"

"ಮಿಲ್ಲು ಮುಚ್ಚಿ ಯಾವ್ದೋ ಕಾಲ ಆಯ್ತು" ಎಂದರು ಸ್ನೇಹಿತರು, ಸಿಟ್ಟಿನಿಂದ.

ಮಾವ ನನ್ನ ಕಡೆ ತಿರುಗಿ ಪಿಸುಗುಟ್ಟಿದರು, "ಪಾಪ, ಇವ್ನಿಗೆ ಮರೆವು ಬಂದದೆ ಅಮ್ಮಿ."

ಸ್ನೇಹಿತರ ಹೆಂಡತಿ ನನ್ನನ್ನು ಒಳಗೆ ಕರೆದುಕೊಂಡು ಹೋದರು. ಎಪ್ಪತ್ತು ದಾಟಿದ ಹೆಂಗಸು, ಮೊಣಕೈವರೆಗೆ ತೆಂಗಿನೆಣ್ಣೆ ಸವರಿಕೊಂಡು ಗುಜ್ಜೆ ಹೆಚ್ಚುತ್ತಿದ್ದವರು ಹಾಗೇ ಎದ್ದು ಬಂದಿದ್ದರು. ಕಾಫಿಗೆ ನೀರಿಡುತ್ತ ನಾವು ಬಂದ ಕೆಲಸ ಕೇಳಿದರು. ಪಿನ್ನು ಎಂದೆ. ಅವರ ಕೈ ನಿಂತಿತು. ಜಗಲಿಯ ಕಡೆ ಒಮ್ಮೆ ಕಿವಿಗೊಟ್ಟು, ನನ್ನ ಹತ್ತಿರ ಬಗ್ಗಿದರು.

"ನಮ್ದ್ರಲ್ಲಿ ಪಿನ್ನೇ ಇಲ್ಲ ಮಾರಾಯ್ತಿ. ನಾನೇ ತೆಗ್ಸಿದ್ದು. ಇವ್ರಿಗೆ ಸೊಸೆ ಯಾರು, ಕಳ್ಳ ಯಾರು ಗೊತ್ತಾಗದ ಹಂಗೆ ಆದಾಗ್ಲೇ, ಎಣ್ಣೆ ಹಾಕ್ಸಬೇಕು ಅಂತ ಹೇಳಿ ಕೋವಿ ಅಂಗಡಿಗೆ ಕಳ್ಸಿ ತೆಗ್ಸಿಬಿಟ್ಟೆ. ಅಂಗಡಿಯವ್ರಿಗೂ ಹೇಳಿದೀನಿ, ಆ ಪಿನ್ನನ್ನ ನನ್ ಮಗ ಬಂದು ಕೇಳಿದ್ರೂ ಕೊಡ್ಬ್ಯಾಡಿ ಅಂತ."

"ಅವರಿಗೆ ಗೊತ್ತಾ ದೊಡ್ಡಮ್ಮ?"

"ಗೊತ್ತಿದ್ರೆ ನನ್ನ ಬಿಡ್ತಿದ್ರಾ? ದಿನಾ ಒರೆಸ್ತಾರೆ, ಚೀಲದಲ್ಲಿ ಇಟ್ಕಂತಾರೆ, ಸುಖವಾಗಿದಾರೆ. ನಂಗೂ ಅಡುಗೆ ಮಾಡಕ್ಕೆ ಪುರುಸೊತ್ತು ಸಿಗ್ತದೆ."

ಲೋಟಗಳಿಗೆ ಕಾಫಿ ಬಗ್ಗಿಸುವಾಗ ನನ್ನ ಕೈ ಹಗುರವಾಗಿತ್ತು. ಇಲ್ಲಿ ಪಿನ್ನಿಲ್ಲ. ಇನ್ನು ಹುಡುಕಲು ಜಾಗವೂ ಇಲ್ಲ.

ದೊಡ್ಡಮ್ಮ ತಟ್ಟೆ ಹಿಡಿದು ಮುಂದೆ ಹೋದರು, ನಾನು ಹಿಂದೆ. ಜಗಲಿಯ ಹೊಸ್ತಿಲು ದಾಟುತ್ತಲೇ ಸ್ನೇಹಿತರು ಚೀಲದೊಳಗಿಂದ ಪಿಸ್ತೂಲು ತೆಗೆದು ನೇರ ದೊಡ್ಡಮ್ಮನ ಎದೆಗೆ ಹಿಡಿದರು. "ಯಾರದು? ಒಳಗ್ ಹೆಂಗ್ ಬಂದೆ?"

ದೊಡ್ಡಮ್ಮ ನಿಂತಲ್ಲೇ ನಿಂತು, "ಹೊಡೀರಿ. ಹೊಡ್ದು ಕಾಪಿ ಕುಡೀರಿ, ಆರೋಗ್ತದೆ" ಎಂದರು. ಅವರಿಗೆ ಅದು ನಿತ್ಯದ ಮಾತು.

ಆದರೆ ಒಳಗೆ ನಾವು ಆಡಿದ ಮಾತು ಮಾವನಿಗೆ ಗೊತ್ತಿರಲಿಲ್ಲ. ಗೋಡೆ ಹಿಡಿಯದೆ ಏಳಲಾಗದ ಮನುಷ್ಯ ಹೇಗೆ ಎದ್ದರೋ ಕಾಣೆ. ಎದ್ದವರೇ ಸ್ನೇಹಿತರ ಮಣಿಕಟ್ಟನ್ನು ಎರಡು ಕೈಯಲ್ಲೂ ಹಿಡಿದು ನೆಲಕ್ಕೆ ಬಗ್ಗಿಸಿದರು. "ಬ್ಯಾಡ ಮಾರಾಯ, ಬ್ಯಾಡ. ನಿನ್ ಹೆಂಡ್ತಿ ಅದು. ನೋಡು, ಕಾಪಿ ತಂದಾರೆ. ನಿಂಗೇ ತಂದಾರೆ" ಎನ್ನುತ್ತ ಒಂದೊಂದೇ ಬೆರಳು ಬಿಡಿಸಿ ಪಿಸ್ತೂಲನ್ನು ತೆಗೆದುಕೊಂಡರು. ಅವರ ಬಿಳಿ ಅಂಗಿಯ ಬೆನ್ನು ಒದ್ದೆಯಾಗಿ ಮೈಗೆ ಅಂಟಿತ್ತು. ಸ್ನೇಹಿತರು ಅಳುವ ಮಗುವಿನಂತೆ ತುಟಿ ಚಾಚಿ, ಖಾಲಿ ಕೈಯನ್ನೇ ನೋಡುತ್ತ ಕೂತರು.

ಮಾವ ಕಾಫಿ ಕುಡಿಯಲಿಲ್ಲ. ಗಂಡ ಮೆಲ್ಲಗೆ ಪಿನ್ನಿನ ಮಾತು ಎತ್ತಲು ಹೊರಟಾಗ, "ಪಿನ್ನು ಬ್ಯಾಡ. ನಡಿ" ಎಂದರು. ಹೊರಡುವ ಮುಂಚೆ ಆ ಪಿಸ್ತೂಲನ್ನು ದೊಡ್ಡಮ್ಮನ ಕೈಗೆ ಕೊಟ್ಟು, "ಅತ್ತಿಗೆ, ಇದನ್ನ ಅವ್ನ ಕೈಗೆ ಕೊಡ್ಬ್ಯಾಡಿ" ಎಂದರು. ದೊಡ್ಡಮ್ಮ ನನ್ನ ಮುಖ ನೋಡಿದರು. "ಆಯ್ತು ಅಣ್ಣಯ್ಯ" ಎಂದು ಸೆರಗಿನಲ್ಲಿ ಸುತ್ತಿಕೊಂಡರು.

ಕಾರು ತೀರ್ಥಹಳ್ಳಿ ಪೇಟೆ ದಾಟಿತು. ಆಮೇಲೆ ಹಿಂದಿನ ಸೀಟಿನಿಂದ ಮಾವನ ಸ್ವರ ಬಂತು, ಎಷ್ಟೋ ತಿಂಗಳಿಂದ ಕೇಳದಿದ್ದ ಸ್ಪಷ್ಟ ಸ್ವರ.

"ಅಮ್ಮಿ, ನಾನೂ ಹಂಗ್ ಹಿಡ್ದಿದೀನಾ?"

ಗಂಡ ಸ್ಟೀರಿಂಗ್ ಹಿಡಿದುಕೊಂಡೇ ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದರು. ನನಗೆ ಸುಳ್ಳು ಹೇಳಲು ಶಕ್ತಿ ಇರಲಿಲ್ಲ.

"ಒಂದ್ಸಲ ಹಿಡಿದಿದ್ರಿ ಮಾವ."

"ಯಾರಿಗೆ?"

"ಮಂಗಕ್ಕೆ."

"ಮಂಗಕ್ಕಾ? ಮತ್ತೆ ಎಂತಕ್ಕೆ ಇಷ್ಟ್ ಮೆತ್ತಗೆ ಹೇಳ್ತೀಯ?"

"ಮಂಗದ ಹಿಂದೆ ಪಕ್ಕದ ಮನೆಯವರಿದ್ರು. ಬಟ್ಟೆ ಒಣಗಿಸ್ತಿದ್ರು."

ಅವರು ಸೀಟಿಗೆ ತಲೆ ಆನಿಸಿದರು. ಮಡಿಲಲ್ಲಿದ್ದ ಪಿಸ್ತೂಲಿನ ಮೇಲೆ ಟವೆಲ್ಲು ಮುಚ್ಚಿದರು, ಶವದ ಮುಖಕ್ಕೆ ಮುಚ್ಚುವ ಹಾಗೆ. ಹೊಸನಗರ ದಾಟಿದ ಮೇಲೆ, "ಇದನ್ನ ಮನೆಗೆ ತರ್ಬ್ಯಾಡಿ" ಎಂದರು. "ಎಲ್ಲಿ ಕೊಡ್ಬೇಕೋ ಅಲ್ಲಿ ಕೊಟ್ಬಿಡು ಮಗಾ. ನಾನು ಎಲ್ಲಿ ಹೇಳ್ತೀಯೋ ಅಲ್ಲಿ ಸೈನ್ ಹಾಕ್ತೀನಿ."

ಅವತ್ತೇ ಸಂಜೆ ಸಾಗರದ ಠಾಣೆಗೆ ಹೋಗಿ ಲೈಸೆನ್ಸು ಸಮೇತ ಒಪ್ಪಿಸಿದೆವು. ಮಾವ ಸಹಿ ಹಾಕಿ, ಪೊಲೀಸರಿಗೆ ಕೈಮುಗಿದರು. ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಗೇಟಿನ ಹತ್ತಿರ ಪಕ್ಕದ ಮನೆಯಾಕೆ ಕಂಡಾಗ ಅವಳನ್ನು ನಿಲ್ಲಿಸಿ, "ಚೆನ್ನಾಗಿದ್ಯಾ ಅಮ್ಮಿ? ಕಾಲ್ ನೋವು ಹೆಂಗದೆ?" ಎಂದು ಕೇಳಿದರು. ಅವಳಿಗೆ ಆಶ್ಚರ್ಯ. ನನಗೂ ಆಶ್ಚರ್ಯವೇ. ಪಾದಗಳ ಮಾತನ್ನು ನಾನು ಮಾವನಿಗೆ ಹೇಳಿರಲಿಲ್ಲ. ಬಹುಶಃ ಅವಳು ಕುಂಟುವುದನ್ನು ನೋಡಿ ಕೇಳಿದ್ದಿರಬೇಕು.

ಮಾರನೆಯ ದಿನ ಬೆಳಿಗ್ಗೆ ನಾನು ಇಡ್ಲಿ ತಟ್ಟೆಗೆ ಎಣ್ಣೆ ಸವರುತ್ತಿದ್ದೆ. ಮಾವ ಬಾಗಿಲಲ್ಲಿ ನಿಂತಿದ್ದರು. ಕೂದಲು ಕೆದರಿತ್ತು, ಕಣ್ಣಿನಲ್ಲಿ ಗಾಬರಿ.

"ಪಿಸ್ತೂಲೆಲ್ಲಿ? ಕಪಾಟಲ್ಲಿ ಇಲ್ಲ!"

ತೀರ್ಥಹಳ್ಳಿ ಅವರ ತಲೆಯಿಂದ ಅಳಿಸಿಹೋಗಿತ್ತು. ಸ್ನೇಹಿತ, ದೊಡ್ಡಮ್ಮ, ಕಾರಿನ ಮಾತು, ಸಹಿ, ಎಲ್ಲವೂ. ನಾನು ಒಲೆ ಸಣ್ಣ ಮಾಡಿ ಅವರನ್ನು ಕೂರಿಸಿ ಎಲ್ಲವನ್ನೂ ಮೊದಲಿಂದ ಹೇಳಿದೆ. ಮಂಗ, ಸೀರೆ, ಕಾಫಿ ತಟ್ಟೆ. ಅವರು ಮೊದಲ ಸಲ ಕೇಳಿದವರಂತೆ ಕೇಳಿ, ಮುಖ ಮುಚ್ಚಿಕೊಂಡು ಅತ್ತರು. ಮಧ್ಯಾಹ್ನ ಮತ್ತೆ ಕೇಳಿದರು. ಮತ್ತೆ ಹೇಳಿದೆ, ಮತ್ತೆ ಅತ್ತರು. ಆ ವಾರವೆಲ್ಲ ಹೀಗೇ ಆಯಿತು. ಮನುಷ್ಯನಿಗೆ ತನ್ನ ಬದುಕಿನಲ್ಲಿ ಒಮ್ಮೆ ತಿಳಿದರೆ ಸಾಕಾದ ಮಾತನ್ನು ನಾನು ದಿನಕ್ಕೆರಡು ಬಾರಿ ಅವರ ಎದೆಗೆ ಹಿಡಿಯುತ್ತಿದ್ದೆ. ಸತ್ಯ ಹೇಳಿ ಹೇಳಿ ನನಗೇ ಸುಸ್ತಾಗಿತ್ತು.

ಒಂದು ಬೆಳಿಗ್ಗೆ ಎಂದಿನಂತೆ ಕಪಾಟು ತೆರೆದು ನೋಡಿ ಬಂದವರು, ನಾನು ಬಾಯಿ ತೆರೆಯುವ ಮುಂಚೆ ತಾವೇ ಹಣೆ ಬಡಿದುಕೊಂಡರು.

"ಎಲೆಕ್ಷನ್ ಬಂತಾ? ಸ್ಟೇಷನ್ನಲ್ಲಿ ಇಟ್ಟು ಬಂದ್ರಾ?"

ಚುನಾವಣೆ ಬಂದರೆ ಈ ಕಡೆಯ ಲೈಸೆನ್ಸಿನ ಕೋವಿಗಳೆಲ್ಲ ಠಾಣೆ ಸೇರಬೇಕು, ಮುಗಿದ ಮೇಲೆ ವಾಪಸು. ಮಾವ ಎಷ್ಟೋ ಸಲ ಸಾಲಿನಲ್ಲಿ ನಿಂತು ಕೊಟ್ಟು ಬಂದವರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆ ಮುಖದಲ್ಲಿ ಗಾಬರಿ ಇರಲಿಲ್ಲ. ನಾನು ಸೌಟು ಹಿಡಿದುಕೊಂಡೇ ನಿಂತೆ.

"ಹೌದು ಮಾವ" ಎಂದೆ.

"ಯಾವ್ದು, ಪಂಚಾಯ್ತಿದಾ?"

"ಪಂಚಾಯ್ತಿದು."

ಅವರು ಕುರ್ಚಿ ಎಳೆದು ಕೂತು ಇಡ್ಲಿ ಕೇಳಿದರು.

ಗಂಡನಿಗೆ ಇದು ಇಷ್ಟವಿಲ್ಲ. "ಅಪ್ಪಯ್ಯ ತಾವಾಗೇ ಬಿಟ್ಟುಕೊಟ್ಟದ್ದು. ಅಷ್ಟು ದೊಡ್ಡ ಕೆಲಸ ಮಾಡಿದ್ದನ್ನ ಅವರಿಂದ ಕಿತ್ತುಕೊಂಡ ಹಾಗಾಯ್ತಲ್ಲೇ" ಎನ್ನುತ್ತಾರೆ. ಸರಿಯಾದ ಮಾತೇ. "ಹಾಗಾದರೆ ನಾಳೆ ಬೆಳಿಗ್ಗೆ ನೀವೇ ಹೇಳಿ" ಎಂದೆ. ಅವರು ಒಮ್ಮೆ ಹೇಳಿದರು. ಅದಾದ ಮೇಲೆ ಆ ವಿಷಯ ಎತ್ತಲಿಲ್ಲ.

ಈಗ ನಮ್ಮ ಮನೆಯಲ್ಲಿ ವಾರಕ್ಕೆ ಮೂರು ನಾಲ್ಕು ಸಲ ಎಲೆಕ್ಷನ್ ಬರುತ್ತದೆ. ಒಮ್ಮೆ ಅಸೆಂಬ್ಲಿ, ಒಮ್ಮೆ ತಾಲ್ಲೂಕು ಪಂಚಾಯ್ತಿ. ಮಾವನೇ ಕೇಳುತ್ತಾರೆ, ಮಾವನೇ ಆರಿಸುತ್ತಾರೆ. "ಮತ್ತೆ ಎಲೆಕ್ಷನ್ನಾ? ಯಾವ ಸರ್ಕಾರನೂ ನಿಲ್ಲಲ್ಲ ಬಿಡು" ಎಂದು ಬೈಯುತ್ತಾರೆ. ಯಾರು ನಿಂತಿದ್ದಾರೆ ಎಂದು ಕೇಳಿದರೆ, ಇನ್ನೂ ಹೇಳಿಲ್ಲ ಎನ್ನುತ್ತೇನೆ.

ನಿನ್ನೆ ತೊಗರಿಬೇಳೆ ತೊಳೆಯುತ್ತಿದ್ದಾಗ ಹತ್ತಿರ ಬಂದು, ಯಾರಿಗೂ ಕೇಳಿಸಬಾರದು ಎಂಬಂತೆ ತಗ್ಗಿದ ಸ್ವರದಲ್ಲಿ ಕೇಳಿದರು.

"ನೀನು ಯಾರಿಗ್ ಹಾಕ್ತೀಯ ಅಮ್ಮಿ?"

"ಇನ್ನೂ ಯೋಚನೆ ಮಾಡಿಲ್ಲ ಮಾವ."

"ಅವಸರ ಮಾಡ್ಬ್ಯಾಡ" ಎಂದರು. "ಟೈಮ್ ಅದೆ."